ಊರು ಬಿಡಿಸಿದ ಗಾಳಿಮಾತು

2012ರ ಆಗಸ್ಟ್ 15. ಬೆಳಿಗ್ಗೆ ಸ್ವಾತಂತ್ರ್ಯೋತ್ಸವ ಆಚರಿಸಿದ್ದ ಬೆಂಗಳೂರು ಸಂಜೆಯ ಹೊತ್ತಿಗೆ ಬೇರೊಂದೇ ದೃಶ್ಯಕ್ಕೆ ಸಾಕ್ಷಿಯಾಯಿತು. ನಗರ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾವಲುಗಾರರು, ಹೋಟೆಲ್ ನೌಕರರು, ಬ್ಯೂಟಿ ಪಾರ್ಲರ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳು, ಕಾಲೇಜು ವಿದ್ಯಾರ್ಥಿಗಳು ಕೈಗೆ ಸಿಕ್ಕ ಚೀಲ ಹಿಡಿದು ಗುವಾಹಟಿಯ ಟಿಕೆಟ್‌ಗಾಗಿ ಮುಗಿಬಿದ್ದಿದ್ದರು. ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೆಲವೇ ದಿನಗಳಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಊರು ಬಿಟ್ಟರು.

ಬೆಂಗಳೂರಿನಲ್ಲಿ ಅವರ ಮೇಲೆ ಸಾಮೂಹಿಕ ದಾಳಿಯೇನೂ ನಡೆದಿರಲಿಲ್ಲ. ಅವರನ್ನು ಹೊರಡಿಸಿದ್ದು ಮೊಬೈಲಿಗೆ ಬಂದ ಎಸ್ಸೆಮ್ಮೆಸ್. ರಂಜಾನ್ ಮುಗಿದೊಡನೆ ದಾಳಿ ನಡೆಯಲಿದೆ, ಆಗಸ್ಟ್ 20ರೊಳಗೆ ಹೊರಟುಬಿಡಿ ಎಂಬುದು ಅದರ ಸಾರಾಂಶ.

ಓದು ಬರಹ ಬಲ್ಲವರೂ ಇದನ್ನು ನಂಬಿದ್ದೇಕೆ? ಸುಳ್ಳು ಎಂದೂ ಒಂಟಿಯಾಗಿ ಬರುವುದಿಲ್ಲ. ನಿಜದ ಕೈ ಹಿಡಿದುಕೊಂಡೇ ಬರುತ್ತದೆ. ಆ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಮತ್ತು ನೆರೆಯ ಜಿಲ್ಲೆಗಳಲ್ಲಿ ಬೋಡೊ ಜನರಿಗೂ ಬಂಗಾಳಿ ಮಾತನಾಡುವ ಮುಸ್ಲಿಮರಿಗೂ ನಡೆದ ಘರ್ಷಣೆಯಲ್ಲಿ ಲಕ್ಷಾಂತರ ಮಂದಿ ಮನೆ ಕಳೆದುಕೊಂಡಿದ್ದರು. ಆಗಸ್ಟ್ 11ರಂದು ಮುಂಬೈಯ ಆಜಾದ್ ಮೈದಾನದ ಪ್ರತಿಭಟನೆ ಹಿಂಸೆಗೆ ತಿರುಗಿ ಇಬ್ಬರು ಸತ್ತಿದ್ದರು. ಪುಣೆಯಲ್ಲಿ ಈಶಾನ್ಯದವರ ಮೇಲೆ ಹಲ್ಲೆಗಳಾಗಿದ್ದವು. ಮೈಸೂರಿನಲ್ಲಿ ಟಿಬೆಟ್ ಮೂಲದ ವಿದ್ಯಾರ್ಥಿಯೊಬ್ಬನಿಗೆ ಚೂರಿ ಇರಿತವಾಗಿತ್ತು. ಇಷ್ಟು ನಿಜಗಳ ನಡುವೆ ಒಂದು ಸುಳ್ಳನ್ನು ಸೇರಿಸುವುದು ಕಷ್ಟವಾಗಲಿಲ್ಲ.

ಅತ್ತ ಅಂತರ್ಜಾಲದಲ್ಲಿ ಚಿತ್ರಗಳು ಹರಿದಾಡುತ್ತಿದ್ದವು. 2010ರಲ್ಲಿ ಚೀನಾದ ಯುಶು ಭೂಕಂಪದಲ್ಲಿ ಸತ್ತವರ ಶವಗಳ ಬಳಿ ಟಿಬೆಟನ್ ಭಿಕ್ಷುಗಳು ನಿಂತಿದ್ದ ಚಿತ್ರವನ್ನು ಬರ್ಮಾದಲ್ಲಿ ಮುಸ್ಲಿಮರ ಹತ್ಯೆಯ ಚಿತ್ರವೆಂದು ಹಂಚಲಾಯಿತು. ಒಂದು ಸಮುದಾಯಕ್ಕೆ ಸಿಟ್ಟು ಬರಿಸಲು ಚಿತ್ರ, ಇನ್ನೊಂದಕ್ಕೆ ಹೆದರಿಕೆ ಹುಟ್ಟಿಸಲು ಎಸ್ಸೆಮ್ಮೆಸ್! ನಿಲ್ದಾಣದ ಜನಜಂಗುಳಿಯನ್ನು ಟೀವಿಯಲ್ಲಿ ಕಂಡ ಹೆತ್ತವರು ಮಕ್ಕಳನ್ನು ಊರಿಗೆ ಕರೆದರು. ಗಾಳಿಮಾತಿನಿಂದ ಹುಟ್ಟಿದ ಗುಂಪೇ ಗಾಳಿಮಾತಿಗೆ ಪುರಾವೆಯಾಯಿತು.

ಗೃಹ ಸಚಿವ ಆರ್. ಅಶೋಕ್ ನಿಲ್ದಾಣಕ್ಕೇ ಹೋಗಿ ಅಭಯ ನೀಡಿದರು. ಮುಸ್ಲಿಂ ಮುಖಂಡರೂ ಧೈರ್ಯ ಹೇಳಿದರು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಸಗಟು ಎಸ್ಸೆಮ್ಮೆಸ್‌ಗಳಿಗೆ 15 ದಿನಗಳ ನಿಷೇಧ ಹೇರಿ, ಐದರ ಮಿತಿ ವಿಧಿಸಿತು. ಮುನ್ನೂರಕ್ಕೂ ಹೆಚ್ಚು ಅಂತರ್ಜಾಲ ಪುಟಗಳಿಗೆ ತಡೆ ಬಿತ್ತು. ಆಗಸ್ಟ್ 20 ಬಂತು. ಹೇಳಿದ್ದ ದಾಳಿ ನಡೆಯಲೇ ಇಲ್ಲ. ಹೋದವರಲ್ಲಿ ಅನೇಕರು ನಿಧಾನವಾಗಿ ಹಿಂದಿರುಗಿದರು.

ಆದರೆ ಪಾಠ ಬಹುಕಾಲ ಉಳಿಯಲಿಲ್ಲ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪ್ ಏರಿ ಬಂತು. ಅದರೊಡನೆ ಸುತ್ತಿದ ಒಂದು ವಿಡಿಯೊ, ಮಕ್ಕಳ ಅಪಹರಣದ ಬಗ್ಗೆ ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದದ್ದು. ಬೈಕ್ ಸವಾರರು ಮಗುವನ್ನು ಮರಳಿ ತಂದುಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬ ಗುಂಪಿನ ಹೊಡೆತಕ್ಕೆ ಸತ್ತ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರು ಬಲಿಯಾದರು. ಅವರ ಗುಂಪು ಮಾಡಿದ 'ತಪ್ಪು' ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಅವರು ಕಾರಿನಲ್ಲಿ ಪಾರಾಗಲು ಹೊರಟರೂ ಸಂದೇಶ ಅವರಿಗಿಂತ ಮುಂದೆ ಓಡಿ ದಾರಿಯಲ್ಲಿ ಜನರನ್ನು ಸೇರಿಸಿತ್ತು.

ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿ ಪ್ರಕಟಿಸಿತು. ಆರು ವರ್ಷಗಳ ನಂತರ ಮತ್ತೆ ಅದೇ ಐದು!

ಮಿತಿಯಿಂದ ಸುಳ್ಳಿನ ವೇಗ ತಗ್ಗೀತು, ಸುಳ್ಳು ಸಾಯದು. ಅಪರಿಚಿತನ ಮಾತನ್ನು ಅನುಮಾನಿಸುವವರೂ ಅಣ್ಣನೋ ಗೆಳತಿಯೋ ಕಳಿಸಿದ್ದನ್ನು ಪ್ರಶ್ನಿಸುವುದಿಲ್ಲ. ಕಳಿಸಿದವರಿಗೂ ಅದು ಇನ್ನಾರಿಂದಲೋ ಬಂದದ್ದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಮೊಬೈಲಿನಲ್ಲಿ ಕಂಡದ್ದು ಪ್ರತ್ಯಕ್ಷವೂ ಅಲ್ಲ. ಮುಂದಕ್ಕೆ ಕಳಿಸುವ ಮುನ್ನ ಒಂದು ಗಳಿಗೆ ತಡೆದು, ಇದು ಎಲ್ಲಿಯದು, ಯಾವಾಗಿನದು ಎಂದು ಕೇಳಿಕೊಂಡರೆ ಎಲ್ಲೋ ಒಬ್ಬರ ಜೀವ ಉಳಿದೀತು.