ಎನ್‌ಕಾಂಡ್ಲಾದಲ್ಲಿ ನಡೆದದ್ದು ದಂಗೆಯೇ?

ದಕ್ಷಿಣ ಆಫ್ರಿಕಾದ ಎನ್‌ಕಾಂಡ್ಲಾ ಎಂಬ ಝುಲು ಭಾಷಿಕರ ಸಣ್ಣ ಊರಿನ ಚರಿತ್ರೆಯತ್ತ ನನ್ನನ್ನು ಎಳೆದದ್ದು ಗಾಂಧೀಜಿಯ ಆತ್ಮಕಥೆ. 1906ರ ಝುಲು 'ದಂಗೆ'ಯಲ್ಲಿ ಅವರು ಬ್ರಿಟಿಷರ ಪರವಾಗಿ ಆರೈಕೆಯ ತಂಡ ಕಟ್ಟಿಕೊಂಡು ಹೋಗಿದ್ದರು. ಅಲ್ಲಿ ಸಿಕ್ಕ ಗಾಯಾಳುಗಳು ಕಾದಾಡಿದವರಲ್ಲ. ಅವರಲ್ಲಿ ಒಂದು ಭಾಗ ಅನುಮಾನದ ಮೇಲೆ ಚಾಟಿಯೇಟು ತಿಂದ ಝುಲುಗಳು.

ನಟಾಲ್ ಸರ್ಕಾರ ವಯಸ್ಕ ಗಂಡಸರ ಮೇಲೆ ತಲಾ 1 ಪೌಂಡ್ ತಲೆಗಂದಾಯ ಹೇರಿತ್ತು. ಅದನ್ನು ವಿರೋಧಿಸಿದ ಬಂಬಾತ, ದೊರೆ ಕೆಟ್ಶ್ವಾಯೊನ ಸಮಾಧಿಯಿರುವ ಎನ್‌ಕಾಂಡ್ಲಾ ಕಾಡಿನ ಸೀಮೆ ಸೇರಿದ. ವಯೋವೃದ್ಧ ಮುಖಂಡ ಸಿಗನಂದ ಅವನ ಜೊತೆ ನಿಂತ. ಜೂನ್ 10ರ ಮುಂಜಾನೆ ಮೋಮೆ ಕಣಿವೆಯಲ್ಲಿ ಅವರನ್ನು ಫಿರಂಗಿ, ಮೆಷಿನ್‌ಗನ್‌ಗಳು ಸುತ್ತುವರಿದವು. ನೂರಾರು ಜನ ಸತ್ತರು.

'ಸಿಪಾಯಿ ದಂಗೆ' ಎಂಬ ಹೆಸರನ್ನು ನಾವು ಪ್ರಶ್ನಿಸಿದೆವು. ಝುಲು 'ದಂಗೆ' ಎಂದು ಮಾತ್ರ ನಾನೂ ಯೋಚಿಸದೆ ಬರೆದುಕೊಂಡಿದ್ದೆ. ಈಗ ನನ್ನ ಟಿಪ್ಪಣಿಯಲ್ಲಿ ಅದನ್ನು ಹೊಡೆದುಹಾಕಿ 'ಕಂದಾಯ ಪ್ರತಿರೋಧ' ಎಂದು ತಿದ್ದಿದ್ದೇನೆ.