ಯಾವ ಹೊಸಳ್ಳಿ ಸ್ವಾಮಿ?

ಲಗ್ನಪತ್ರಿಕೆಯಲ್ಲಿ ಊರಿನ ಹೆಸರು ಹೊಸಹಳ್ಳಿ ಅಂತ ದಪ್ಪಕ್ಷರದಲ್ಲಿತ್ತು. ಹೋಬಳಿ, ತಾಲ್ಲೂಕು ಎಲ್ಲ ಅದರ ಕೆಳಗೆ ಇರುವೆ ಸಾಲಿನ ಹಾಗೆ ಅಚ್ಚಾಗಿದ್ದವು. ನಾನು ದಪ್ಪಕ್ಷರ ಮಾತ್ರ ಓದಿಕೊಂಡು, ಫೋನಿನ ನಕ್ಷೆ ತೋರಿಸಿದ ದಾರಿ ಹಿಡಿದೆ. ಹತ್ತೂವರೆಗೆ ಮುಹೂರ್ತ. ಹತ್ತಕ್ಕೆ ಸರಿಯಾಗಿ ನಕ್ಷೆ ‘ತಲುಪಿದ್ದೀರಿ’ ಎಂದಿತು. ಎದುರಿಗೆ ಒಂದು ಅರಳಿಕಟ್ಟೆ, ಹಾಲಿನ ಡೈರಿ, ಬೀಗ ಹಾಕಿದ ಗ್ರಂಥಾಲಯ. ಚಪ್ಪರವಿಲ್ಲ, ವಾಲಗವಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನ ರೇಷ್ಮೆ ಶರ್ಟನ್ನೂ ಕೈಯಲ್ಲಿದ್ದ ಉಡುಗೊರೆ ಡಬ್ಬಿಯನ್ನೂ ನೋಡಿಯೇ ವಿಷಯ ತಿಳಿದುಕೊಂಡರು.

“ಯಾವ ಹೊಸಳ್ಳಿ ಸ್ವಾಮಿ? ಇದು ಕೆರೆ ಹೊಸಳ್ಳಿ. ಗುಡ್ಡದ ಹೊಸಳ್ಳಿ ಅಂತ ಆ ಕಡೆ ಒಂದೈತೆ. ದೊಡ್ಡೊಸಳ್ಳಿ ಬೇರೆ. ಮದ್ವೆ ಅಂದ್ರಲ್ಲ, ಹೆಣ್ಣಿನೋರ ಕಡೆಯೋರೋ ಗಂಡಿನೋರ ಕಡೆಯೋರೋ?”

ನನ್ನಂಥ ದಾರಿ ತಪ್ಪಿದವರು ವಾರಕ್ಕೊಬ್ಬರಾದರೂ ಅಲ್ಲಿಗೆ ಬರುತ್ತಾರಂತೆ. ಈಚೆಗೆ ಕೊರಿಯರ್ ಹುಡುಗರು ಜಾಸ್ತಿ.

ಕರ್ನಾಟಕದಲ್ಲಿ ಹೊಸಹಳ್ಳಿ ಇಲ್ಲದ ತಾಲ್ಲೂಕು ಹುಡುಕುವುದೇ ಕಷ್ಟ. ನಮ್ಮ ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ‘ಎಚ್.’ ಎಂದು ಶುರುವಾಗುವ ಹೆಸರುಗಳು ಒಂದು ಪುಟ ತುಂಬುತ್ತಿದ್ದವು. ಅದರಲ್ಲಿ ಹಾಸನದವರು ಇಬ್ಬರೋ ಮೂವರೋ, ಮಿಕ್ಕವರೆಲ್ಲ ಒಂದಲ್ಲ ಒಂದು ಹೊಸಹಳ್ಳಿಯವರು. ತುಂಗೆಯ ದಡದ ಗಮಕದ ಹೊಸಹಳ್ಳಿಯೂ ಹೊಸಹಳ್ಳಿಯೇ, ಬೆಂಗಳೂರಿನ ಮೆಟ್ರೋ ನಿಲ್ಲುವ ಹೊಸಹಳ್ಳಿಯೂ ಹೊಸಹಳ್ಳಿಯೇ. ಒಂದೇ ಹೆಸರಿನ ಊರುಗಳ ಈ ಕಾಟ ತಾಳಲಾರದೆಯೂ ಅಂಚೆ ಇಲಾಖೆ 1972ರ ಆಗಸ್ಟ್ 15ರಿಂದ ಆರಂಕಿಯ ಪಿನ್‌ಕೋಡ್ ತಂದಿತು. ನನ್ನ ಲಗ್ನಪತ್ರಿಕೆಯಲ್ಲಿ ಅದೂ ಇತ್ತು. ಇರುವೆ ಸಾಲಿನ ಕೊನೆಯ ಆರು ಇರುವೆಗಳು.

ಹೊಸಳ್ಳಿ, ಹೊಸೂರು, ಹೊಸಪೇಟೆ, ಹೊಸಕೋಟೆ, ಹೊಸದುರ್ಗ, ಹೊಸನಗರ, ಹೊಸಂಗಡಿ. ಈ ‘ಹೊಸ’ ಎಂಬ ಮಾತಿಗೇ ಒಂದು ವಯಸ್ಸಿದೆ. ಹಳಗನ್ನಡದಲ್ಲಿ ಅದು ‘ಪೊಸ’. ನಡುಗನ್ನಡಕ್ಕೆ ಬರುವಷ್ಟರಲ್ಲಿ ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ, ಪೊಸ ಹೊಸವಾಯಿತು. ತುಳುವರು ಇವತ್ತಿಗೂ ಪೊಸ ಎನ್ನುತ್ತಾರೆ. ತಮಿಳಿನಲ್ಲಿ ಅದರ ಒಡಹುಟ್ಟು ‘ಪುದು’: ಪುದುಚ್ಚೇರಿ, ಪುದುಕ್ಕೋಟ್ಟೈ. ಕೊಡಗಿನಲ್ಲಿ ಹೊಸ ಅಕ್ಕಿಯ ಹಬ್ಬ ಪುತ್ತರಿ. ಕನ್ನಡದ ಬಾಯಿಗೆ ಬಂದು ಹುತ್ತರಿ. ‘ಪ’ ಹೋಗಿ ‘ಹ’ ಬಂದದ್ದು ಒಂದು ಕಥೆಯಾದರೆ, ಆ ‘ಹ’ವೂ ನಿಲ್ಲದೆ ಹೊರಟದ್ದು ಇನ್ನೊಂದು. ಗಡಿಯಾಚೆಯ ಹೊಸೂರನ್ನು ತಮಿಳರು ಓಸೂರ್ ಎನ್ನುತ್ತಾರೆ ಎಂದು ನಗುವ ನಾವು, ಕಟ್ಟೆಯ ಮೇಲಿನ ಹಿರಿಯರು ‘ದೊಡ್ಡೊಸಳ್ಳಿ’ ಎಂದದ್ದನ್ನು ಕೇಳಿಸಿಕೊಳ್ಳುವುದಿಲ್ಲ. ಪೊಸ, ಹೊಸ, ಒಸ. ಹೊಸದು ಎಂಬ ಮಾತೇ ಸವೆದು ಸವೆದು ಇಷ್ಟು ಹಳತಾಗಿದೆ.

ಊರಿಗೆ ಹೊಸೂರು ಅಂತ ಹೆಸರಿಡುವವರಿಗೆ ಕಲ್ಪನೆ ಕಡಿಮೆ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಲೋಕವೆಲ್ಲ ಇದನ್ನೇ ಮಾಡಿದೆ. ಇಟಲಿಯ ನೇಪಲ್ಸ್ ಗ್ರೀಕರ ನೆಯಾಪೊಲಿಸ್, ಅಂದರೆ ಹೊಸೂರು. ಪ್ಯಾಲೆಸ್ಟೈನಿನ ನಾಬ್ಲಸ್ ಕೂಡ ಅದೇ ನೆಯಾಪೊಲಿಸ್: ಕ್ರಿ.ಶ. 72ರಲ್ಲಿ ರೋಮನ್ ಚಕ್ರವರ್ತಿ ವೆಸ್ಪೇಸಿಯನ್ ಕಾಲದಲ್ಲಿ ಕಟ್ಟಿದ ಊರು. ಅರಬ್ಬಿಯಲ್ಲಿ ‘ಪ’ ಇಲ್ಲ, ಹಾಗಾಗಿ ಪೊಲಿಸ್ ಸವೆದು ‘ಬ್ಲಸ್’ ಆಯಿತು. ಅಲ್ಲಿಯೂ ‘ಪ’ಕಾರಕ್ಕೇ ಕುತ್ತು. ಒಂದು ಪಿಜ್ಜಾಕ್ಕೆ, ಇನ್ನೊಂದು ಕುನಾಫಾ ಎಂಬ ಗಿಣ್ಣಿನ ಸಿಹಿಗೆ ಹೆಸರಾದ ಈ ಎರಡು ಊರುಗಳು ಹೆಸರಿನಲ್ಲಿ ಒಂದೇ ಎಂದು ಕೇಳಿದವರಿಗೆ ಹೊಳೆಯುವುದಿಲ್ಲ. ಇಥಿಯೋಪಿಯಾದ ಅಡಿಸ್ ಅಬಾಬ ಅಂದರೆ ಹೊಸ ಹೂವು. ಸರ್ಬಿಯಾದಲ್ಲಿ ನೋವಿ ಪಜಾರ್ ಎಂಬ ಊರಿದೆ. ಪಜಾರ್ ಅಂದರೆ ನಮ್ಮ ಬಜಾರೇ. ಅಕ್ಷರಶಃ ಹೊಸಪೇಟೆ.

ನನಗೆ ತೀರಾ ಇಷ್ಟವಾದದ್ದು ರಷ್ಯಾದ ನೋವ್‌ಗೊರೊಡ್. ‘ಹೊಸ ನಗರ’ ಎಂದು ಅರ್ಥ, ಆದರೆ ಅವರ ಇತಿಹಾಸ ಪುಸ್ತಕಗಳಲ್ಲಿ ಅದರ ಆರಂಭಕ್ಕೆ ಕೊಡುವ ವರ್ಷ 859. ರಷ್ಯಾದ ಅತಿ ಹಳೆಯ ಊರುಗಳಲ್ಲಿ ಒಂದು. 1221ರಲ್ಲಿ ವೋಲ್ಗಾ ನದಿಯ ದಡದಲ್ಲಿ ಇನ್ನೊಂದು ನೋವ್‌ಗೊರೊಡ್ ಹುಟ್ಟಿತು, ಗೊಂದಲವೂ ಹುಟ್ಟಿತು. ಈಗ ಹಳೆಯದನ್ನು ವೆಲಿಕಿ ನೋವ್‌ಗೊರೊಡ್, ಮತ್ತೊಂದನ್ನು ನಿಝ್ನಿ ನೋವ್‌ಗೊರೊಡ್ ಎನ್ನುತ್ತಾರೆ. ಕನ್ನಡದಲ್ಲಿ ಹೇಳಿದರೆ ದೊಡ್ಡೊಸೂರು ಮತ್ತು ಕೆಳಗಿನೊಸೂರು. ನಮ್ಮ ಶಾನುಭೋಗರು ಅಲ್ಲಿಗೆ ಹೋಗಿ ಹೆಸರಿಟ್ಟು ಬಂದಂತಿದೆ.

ಇದರ ತುದಿ ಮುಟ್ಟಿದವರು ರೋಮನ್ನರು. ಇವತ್ತಿನ ಟುನೀಸಿಯಾದ ಕಡಲ ದಡದಲ್ಲಿ ಫಿನೀಷಿಯನ್ ವರ್ತಕರು ಊರು ಕಟ್ಟಿ ಕರ್ತ್ ಹದಷ್ಟ್ ಎಂದರು. ಕರ್ತ್ ಅಂದರೆ ಊರು, ಹದಷ್ಟ್ ಅಂದರೆ ಹೊಸ. ಅದೇ ಕಾರ್ಥೇಜ್. ಅಲ್ಲಿಯ ಸೇನಾಪತಿ ಹಸ್ದ್ರುಬಾಲ್ ಕ್ರಿ.ಪೂ. 227ರ ಸುಮಾರಿಗೆ ಸ್ಪೇನಿನ ದಡದಲ್ಲಿ ಒಂದು ಕೋಟೆಪಟ್ಟಣ ಕಟ್ಟಿ ತನ್ನ ಊರಿನ ಹೆಸರನ್ನೇ ಇಟ್ಟ. ಕ್ರಿ.ಪೂ. 209ರಲ್ಲಿ ರೋಮನ್ನರು ಅದನ್ನು ಗೆದ್ದರು. ಆಫ್ರಿಕಾದ ಕಾರ್ಥೇಜಿಗೂ ಇದಕ್ಕೂ ವ್ಯತ್ಯಾಸ ತಿಳಿಯಬೇಕಲ್ಲ, ಅದಕ್ಕೆ ಕಾರ್ಥಗೋ ನೋವಾ ಎಂದು ಕರೆದರು. ನೋವಾ ಅಂದರೂ ಹೊಸದೇ. ಹೊಸ ಹೊಸೂರು! ಅದೇ ಇಂದಿನ ಕಾರ್ತಹೇನಾ. 1533ರಲ್ಲಿ ಸ್ಪೇನಿನವರು ಆ ಹೆಸರನ್ನು ಹಡಗಿನಲ್ಲಿ ಹೊತ್ತು ಕೊಲಂಬಿಯಾದ ದಡಕ್ಕೂ ಮುಟ್ಟಿಸಿದರು. ಮೂರು ಖಂಡ, ಮೂರು ಊರು, ಒಂದೇ ಹೊಸತನ. ಮೊದಲ ಹೊಸೂರನ್ನು ಮಾತ್ರ ರೋಮನ್ನರು ಕ್ರಿ.ಪೂ. 146ರಲ್ಲಿ ಸುಟ್ಟು ನೆಲಸಮ ಮಾಡಿದ್ದರು.

ಒಂದೇ ಹೆಸರಿನ ಊರುಗಳು ಗೊಂದಲಪಡುವ ಬದಲು ನೆಂಟಸ್ತಿಕೆ ಬೆಳೆಸಿದ್ದೂ ಇದೆ. ಜಪಾನಿನ ಐಚಿ ಪ್ರಾಂತ್ಯದಲ್ಲಿ ಶಿನ್‌ಶಿರೊ ಎಂಬ ಊರು. ಶಿನ್ ಅಂದರೆ ಹೊಸ, ಶಿರೊ ಅಂದರೆ ಕೋಟೆ. 1998ರಲ್ಲಿ ಆ ಊರಿನವರು ಜಗತ್ತಿನ ‘ಹೊಸಕೋಟೆ’ಗಳನ್ನೆಲ್ಲ ಕರೆದು ಒಂದು ಸಮಾವೇಶ ಮಾಡಿದರು. ಹಾಗೆ ಶುರುವಾದ ನ್ಯೂಕಾಸಲ್‌ಗಳ ಕೂಟದಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಇದೆ, ಸ್ವಿಟ್ಜರ್ಲೆಂಡಿನ ನೂಶಾಟೆಲ್ ಇದೆ, ಜಾರ್ಜಿಯಾ ದೇಶದ ಅಖಾಲ್‌ತ್ಸಿಖೆ ಇದೆ. ಒಂದೊಂದರ ಉಚ್ಚಾರ ಒಂದೊಂದು ಬಗೆ, ಅರ್ಥ ಮಾತ್ರ ಒಂದೇ. ಭಾಷೆ ಬೇರೆಯಾದರೂ ಅರ್ಥ ಹಿಡಿದು ಸಂಬಂಧ ಹುಡುಕಿದರಲ್ಲ, ಆ ಶಿನ್‌ಶಿರೊದವರ ತಲೆಗೆ ಮೆಚ್ಚಬೇಕು.

ಇಂಗ್ಲೆಂಡಿನ ‘ಹೊಸ’ ಕೋಟೆ 1080ರದು. ಆಸ್ಟ್ರೇಲಿಯಾದವರು ಕಲ್ಲಿದ್ದಲು ಸಿಕ್ಕ ತಮ್ಮ ಬಂದರಿಗೂ ಅದೇ ಹೆಸರಿಟ್ಟರು, ಕೋಟೆಯೇನೂ ಇರಲಿಲ್ಲ. ದಕ್ಷಿಣ ಆಫ್ರಿಕಾದ ನ್ಯೂಕಾಸಲ್‌ಗೆ ಹೆಸರು ಬಂದದ್ದು ಊರಿನಿಂದಲೂ ಅಲ್ಲ, ನ್ಯೂಕಾಸಲ್‌ನ ಡ್ಯೂಕ್ ಎನಿಸಿಕೊಂಡಿದ್ದ ಬ್ರಿಟಿಷ್ ಮಂತ್ರಿಯಿಂದ. ಅಲ್ಲಿಯೂ ಕಲ್ಲಿದ್ದಲು ಸಿಕ್ಕಿತು. ಹೆಸರಿನ ಜೊತೆ ಮಸಿಯೂ ಅಂಟಿಕೊಂಡು ಬಂತೇನೋ.

ಆ ಕೂಟದ ಆಮಂತ್ರಣಗಳ ಕಟ್ಟು ನನ್ನ ಕೈಗೆ ಸಿಕ್ಕರೆ ಮೊದಲನೆಯದನ್ನು ನಮ್ಮ ಹೊಸಕೋಟೆಗೆ ಕಳಿಸುತ್ತೇನೆ. ಸುಗಟೂರಿನ ತಮ್ಮೇಗೌಡ 1595ರ ಸುಮಾರಿಗೆ ಕಟ್ಟಿದ ಕೋಟೆ ಅದು. ಕೋಲಾರದಲ್ಲಿ ಹಳೆಯದೊಂದು ಇತ್ತಲ್ಲ, ಅದಕ್ಕೆ ಇದು ಹೊಸಕೋಟೆ. ಈಗ ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಹೋಗುವುದು ಕೋಟೆ ನೋಡಲಿಕ್ಕಲ್ಲ. ಭಾನುವಾರ ನಸುಕಿನಲ್ಲಿ ಬಿರಿಯಾನಿಗೆ ಸಾಲು ನಿಲ್ಲಲಿಕ್ಕೆ. ಎರಡನೆಯ ಆಮಂತ್ರಣ ಕಾಸರಗೋಡಿನ ಕಡೆಯ ಹೊಸದುರ್ಗಕ್ಕೆ. ಕೆಳದಿಯ ಸೋಮಶೇಖರ ನಾಯಕ ಕಟ್ಟಿಸಿದ ಕೋಟೆ. ಮಲಯಾಳದವರು ಅದನ್ನು ಪುದಿಯಕೋಟ್ಟ ಎಂದು ತಮ್ಮ ಮಾತಿಗೆ ತಿರುಗಿಸಿಕೊಂಡರು, ಆದರೆ ಕೇರಳ ಸರ್ಕಾರದ ಕಾಗದದಲ್ಲಿ ತಾಲ್ಲೂಕಿನ ಹೆಸರು ಇವತ್ತಿಗೂ ಹೊಸದುರ್ಗ. ನಾಯಕರು ಹೋದರು, ಅವರ ‘ಹೊಸ’ ಉಳಿಯಿತು.

ನೂಶಾಟೆಲ್‌ನ ಹೆಸರಿನ ಹಿಂದೆ ಒಬ್ಬ ರಾಣಿ ಇದ್ದಾಳೆ. 1011ರಲ್ಲಿ ಬರ್ಗಂಡಿಯ ದೊರೆ ಮೂರನೆಯ ರುಡಾಲ್ಫ್ ಸರೋವರದ ದಡದ ಹೊಸ ಕೋಟೆಯನ್ನು ತನ್ನ ಹೆಂಡತಿಗೆ ದಾನ ಕೊಟ್ಟ; ಆ ದಾನಪತ್ರದಲ್ಲಿ ಮೊದಲು ಸಿಗುವ ‘ಹೊಸ ಕೋಟೆ’ ಎಂಬ ಎರಡು ಲ್ಯಾಟಿನ್ ಮಾತುಗಳೇ ಊರ ಹೆಸರಾದವು. ರಾಣಿಯ ಹೆಸರು ಅದರಲ್ಲಿ ಬರಲಿಲ್ಲ. ನಮ್ಮ ಹೊಸಪೇಟೆಯ ಕಥೆಯೂ ಹೀಗೇ. ಕೃಷ್ಣದೇವರಾಯ ಕಟ್ಟಿಸಿದಾಗ ಅದು ನಾಗಲಾಪುರ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪೇಸ್, ರಾಜ ತನ್ನ ಹೆಂಡತಿಯ ಮೇಲಿನ ಪ್ರೀತಿಗೆ ಈ ಹೊಸ ನಗರ ಕಟ್ಟಿಸಿ ಅವಳ ಹೆಸರಿಟ್ಟ ಎಂದು ಬರೆದುಕೊಂಡಿದ್ದಾನೆ. ಹೆಂಡತಿಯಲ್ಲ, ನಾಗಲಾದೇವಿ ರಾಯನ ತಾಯಿ ಎನ್ನುವವರೂ ಇದ್ದಾರೆ. ತಾಯಿಯೋ ಹೆಂಡತಿಯೋ ಎಂದು ಪಂಡಿತರು ವಾದ ಮಾಡಲಿ. ಸಂತೆಗೆ ಬಂದವರಿಗೆ ಬೇಕಾದದ್ದು ಪೇಟೆ, ಅದು ಹೊಸದಾಗಿತ್ತು. ಹೊಸಪೇಟೆ ಎಂದರು. ಇಂಗ್ಲಿಷರು ಅದನ್ನು ಹಾಸ್ಪೆಟ್ ಮಾಡಿದರು, 2014ರ ರಾಜ್ಯೋತ್ಸವದ ದಿನ ಸರ್ಕಾರ ಮತ್ತೆ ಹೊಸಪೇಟೆ ಮಾಡಿತು. ನಾಗಲೆಯ ಹೆಸರನ್ನು ಯಾರೂ ಹುಡುಕಿಕೊಂಡು ಹೋಗಲಿಲ್ಲ.

ಹೊಸ ಎಂದು ಹೆಸರಿಡುವವರು ಹುಟ್ಟಿದ ಮಗುವಿಗೆ ಪಾಪು ಎನ್ನುವ ಅಜ್ಜಿಯರ ಹಾಗೆ. ಪಾಪುವಿಗೆ ಅರವತ್ತು ತುಂಬಿದರೂ ಪಾಪು ಪಾಪುವೇ. ‘ಹಳೆ’ಯದರ ದಾರಿ ಬೇರೆ. ಯಾರೂ ಗುದ್ದಲಿಪೂಜೆ ಮಾಡಿ ಹಳೂರು ಎಂದು ಹೆಸರಿಡುವುದಿಲ್ಲ. ಅದು ಬಿಟ್ಟುಹೋದವರು ಹಿಂತಿರುಗಿ ನೋಡಿ ಕರೆಯುವ ಹೆಸರು. ದೋರಸಮುದ್ರ ಹೊಯ್ಸಳರ ರಾಜಧಾನಿಯಾಗಿ ಮೆರೆಯುತ್ತಿದ್ದಾಗ ಅದನ್ನು ಹಳೇಬೀಡು ಎಂದಿದ್ದರೆ ನಾಲಗೆ ಸೀಳುತ್ತಿದ್ದರು. ಹುಬ್ಬಳ್ಳಿಯಲ್ಲಿ ಇನ್ನೊಂದು ಬಗೆ. ಹದಿನೆಂಟನೇ ಶತಮಾನದಲ್ಲಿ ಸವಣೂರು ನವಾಬರ ಕಾಲಕ್ಕೆ ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿ ಬೆಳೆಯಿತು. ಈಗ ಹೊಸ ಹುಬ್ಬಳ್ಳಿ ಅಂತ ಯಾರೂ ಅನ್ನುವುದಿಲ್ಲ. ಬರೀ ಹುಬ್ಬಳ್ಳಿ. ಮೊದಲಿಂದ ಇದ್ದದ್ದಕ್ಕೆ ಮಾತ್ರ ‘ಹಳೇ’ ಅಂಟಿಕೊಂಡಿತು. ಮನೆಗೆ ಬಂದ ಸೊಸೆ ಯಜಮಾನಿಯಾಗಿ, ಅತ್ತೆ ‘ಒಳಗಿನ ಕೋಣೆಯ ಅಜ್ಜಿ’ಯಾದ ಹಾಗೆ.

ನಮ್ಮಲ್ಲಿ ಹೊಸತನಕ್ಕೆ ಮೂರು ವೇಷ. ಜನ ಇಟ್ಟರೆ ‘ಹೊಸ’, ಸರ್ಕಾರ ಇಟ್ಟರೆ ‘ನವ’, ಸೈಟು ಮಾರುವವರು ಇಟ್ಟರೆ ‘ನ್ಯೂ’. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಭಾಗಗಳು ಮುಳುಗಿದಾಗ ಮನೆ ಕಳೆದುಕೊಂಡವರಿಗೆ ಕಟ್ಟಿದ್ದು ಹೊಸೂರಲ್ಲ, ನವನಗರ. ಬೀದಿಗಳಿಗೆ ಹೆಸರಿನ ಬದಲು ಸೆಕ್ಟರು ನಂಬರು. ನವ ಎಂಬುದು ಒಳ್ಳೆಯ ಮಾತೇ. ಆದರೆ ನವ ನಗರವನ್ನು ಯೋಜನೆ ಹಾಕಿ ಕಟ್ಟಬಹುದು, ಹೊಸೂರು ತಾನಾಗಿ ಆಗಬೇಕು.

ಮತ್ತೆ ನನ್ನ ಹೊಸಹಳ್ಳಿಗೆ. ಗುಡ್ಡದ ಹೊಸಳ್ಳಿ ಮುಟ್ಟಿದಾಗ ಹನ್ನೆರಡೂವರೆ. ಅಕ್ಷತೆ ಮುಗಿದು, ಮೂರನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಊಟವಾದ ಮೇಲೆ ಹೆಣ್ಣಿನ ಅಜ್ಜಿಯ ಪಕ್ಕ ಜಗಲಿಯಲ್ಲಿ ಕೂತೆ. ಬೆಳಗ್ಗಿಂದ ತಲೆಯಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಯೇಬಿಟ್ಟೆ. “ಅಜ್ಜಿ, ಇದು ಹೊಸಳ್ಳಿ ಆದರೆ ಹಳೇ ಹಳ್ಳಿ ಎಲ್ಲಿ?”

ಅಜ್ಜಿ ಎಲೆಗೆ ಸುಣ್ಣ ಸವರುತ್ತಲೇ ಗುಡ್ಡದ ಬುಡಕ್ಕೆ ಕೈ ತೋರಿಸಿದರು. “ಓ ಅಲ್ಲಿ ಈಚಲ ಮರ ಕಾಣ್ತದಲ್ಲ, ಅದೇ ಹಾಳೂರು. ಪ್ಲೇಗು ಬಂದಾಗ ಬಿಟ್ಬಂದ್ರಂತೆ. ಒಂದು ಮಾರಮ್ಮನ ಗುಡಿ, ಒಂದು ಬಾವಿ. ವರ್ಸಕ್ಕೊಂದು ದಿನ ಹೋಗಿ ದೀಪ ಹಚ್ಚಿ ಬತ್ತೀವಿ.”

ಕಂದಾಯದ ದಾಖಲೆಯಲ್ಲಿ ಜನವಸತಿ ಇಲ್ಲದ ಇಂಥ ಊರುಗಳಿಗೆ ಬೇಚರಾಕ್ ಗ್ರಾಮ ಎನ್ನುತ್ತಾರೆ. ಪಾರ್ಸಿಯ ಬೇ ಚಿರಾಗ್, ದೀಪವಿಲ್ಲದ್ದು. ವರ್ಷಕ್ಕೊಂದು ದಿನ ಆ ದಾಖಲೆ ಸುಳ್ಳಾಗುತ್ತದೆ ಎಂದಾಯಿತು.

“ನಿಂದ್ಯಾವೂರು ಮಗಾ?”

“ಬೆಂಗಳೂರಜ್ಜಿ. ನ್ಯೂ ತಿಪ್ಪಸಂದ್ರ.”

“ನ್ಯೂ ಅಂದ್ರೆ ಹೊಸಾದು ತಾನೆ?” ಅಜ್ಜಿ ಎಲೆ ಮಡಚಿ ದವಡೆಗಿಟ್ಟುಕೊಂಡರು. “ಹಂಗಾರೆ ಹಳೇ ತಿಪ್ಪಸಂದ್ರ ಯಾವ ಕಡೀಕೈತೆ?”

ಇಪ್ಪತ್ತು ವರ್ಷದಿಂದ ಅಲ್ಲಿದ್ದೇನೆ. ಆಟೋದವರು ಎಷ್ಟೋ ಸಲ “ಓಲ್ಡಾ, ನ್ಯೂನಾ?” ಎಂದು ಕೇಳಿದ್ದಾರೆ, ಪ್ರತಿ ಸಲವೂ “ನ್ಯೂ” ಎಂದು ಹತ್ತಿ ಕೂತಿದ್ದೇನೆ. ಅಜ್ಜಿಯ ಮುಂದೆ ಸುಮ್ಮನೆ ಒಂದು ದಿಕ್ಕಿಗೆ ಕೈ ತೋರಿಸಿದೆ.