ಉಗುರಿನಷ್ಟು ಜೇಡ, ಪರದೆ ತುಂಬಾ ಭಯ: ಮ್ಯಾಕ್ರೋ ಚಿತ್ರ ಅಲುಗದಂತೆ ತೆಗೆಯುವುದು ಹೇಗೆ?

“ಟಾಯ್ಲೆಟ್ ಸೀಟಿನ ಕೆಳಗೆ ಅವಿತಿರುವ ಈ ಜೇಡ ಕಚ್ಚಿದರೆ ಸಾವು ಖಚಿತ, ಎಲ್ಲರಿಗೂ ಕಳಿಸಿ.” ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರ ಮೂಲ 1999ರಲ್ಲಿ ಹರಿದಾಡಿದ ಒಂದು ಇಂಗ್ಲಿಷ್ ಇಮೇಲ್. ಅದರಲ್ಲಿ ಜೇಡಕ್ಕೆ ಕೊಟ್ಟಿದ್ದ ‘ವೈಜ್ಞಾನಿಕ’ ಹೆಸರು ಅರಾಕ್ನಿಯಸ್ ಗ್ಲೂಟಿಯಸ್. ಗ್ಲೂಟಿಯಸ್ ಎಂದರೆ ಪೃಷ್ಠದ ಸ್ನಾಯು! ಸುಳ್ಳು ಅಲ್ಲೇ ಬಯಲಾಗಬೇಕಿತ್ತು. ಬದಲಿಗೆ, ಮುಂದೆ ಯಾರೋ ಅದೇ ಕತೆಗೆ ನಿಜವಾದ ಜೇಡವೊಂದರ ಹೆಸರು ಅಂಟಿಸಿದರು: ಟೆಲಮೋನಿಯಾ ಡಿಮಿಡಿಯಾಟಾ. ಇದು ನಮ್ಮ ದೇಶದಲ್ಲೂ ಇರುವ ಜಿಗಿಯುವ ಜೇಡ. ಉದ್ದ ಸುಮಾರು ಒಂದು ಸೆಂಟಿಮೀಟರ್. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ.

ಹಾಗಿದ್ದರೂ ಜನ ಯಾಕೆ ನಂಬುತ್ತಾರೆ? ತೀರಾ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಉಗುರಿನಷ್ಟು ಜೇಡವೂ ಇಡೀ ಪರದೆ ತುಂಬುತ್ತದೆ, ಅದರ ಅಳತೆ ಗೊತ್ತಾಗುವುದಿಲ್ಲ. ಚಿತ್ರ ಮಸುಕಾಗಿದ್ದರಂತೂ ಮುಗಿಯಿತು, ಕಂಡವರೆಲ್ಲ ವಿಷಜೇಡವೆಂದೇ ಊಹಿಸುತ್ತಾರೆ. ಜೇಡ ಯಾವ ಕುಟುಂಬದ್ದೆಂದು ಹೇಳಲು ಕಣ್ಣುಗಳ ಜೋಡಣೆ ದೊಡ್ಡ ಸುಳಿವು. ಜಿಗಿಯುವ ಜೇಡದ ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಕಾರಿನ ಹೆಡ್‌ಲೈಟಿನಂತೆ ದೊಡ್ಡದಾಗಿರುತ್ತವೆ. ಆ ಕಣ್ಣು ಸ್ಪಷ್ಟವಾಗಿ ಬಂದರೆ ಚಪ್ಪಲಿ ಏಟಿನಿಂದ ಒಂದು ಜೀವ ಉಳಿದೀತು.

ಆದರೆ ಸ್ಪಷ್ಟವಾಗಿ ಬರುವುದೇ ಕಷ್ಟ. ದೂರದ ಬೆಟ್ಟದ ಫೋಟೋ ತೆಗೆಯುವಾಗ ಕೈ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಏನೂ ಆಗದು. ಮ್ಯಾಕ್ರೋದಲ್ಲಿ ಹಾಗಲ್ಲ. ಚಿತ್ರದ ಅಗಲ 4000 ಪಿಕ್ಸೆಲ್, ಅದರಲ್ಲಿ ಕಾಣುವ ಜಾಗ ಬರೀ 2 ಸೆಂಟಿಮೀಟರ್ ಎಂದುಕೊಳ್ಳಿ. ಒಂದು ಮಿಲಿಮೀಟರಿಗೆ 200 ಪಿಕ್ಸೆಲ್ ಆಯಿತು. ಕೈ ಸೆಕೆಂಡಿಗೆ 5 ಮಿಲಿಮೀಟರ್ ವೇಗದಲ್ಲಿ ಸರಿಯುತ್ತಿದ್ದರೆ, 1/50 ಸೆಕೆಂಡಿನ ಶಟರ್‌ನಲ್ಲಿ ಚಿತ್ರ 20 ಪಿಕ್ಸೆಲ್ ಕದಡುತ್ತದೆ. 1/500 ಆದರೆ ಎರಡೇ ಪಿಕ್ಸೆಲ್. ಅದಕ್ಕೇ ಬೆಳಕು ಹೆಚ್ಚಿರುವಲ್ಲಿ ತೆಗೆಯಬೇಕು, ಆಗ ಶಟರ್ ಬೇಗ ಮುಚ್ಚುತ್ತದೆ. ಫೋನಿನ ‘ಫ್ಲ್ಯಾಶ್’ ನಿಜಕ್ಕೂ ಒಂದು ಪುಟ್ಟ ಟಾರ್ಚ್. ದೊಡ್ಡ ಕ್ಯಾಮೆರಾದ ಫ್ಲ್ಯಾಶಿನಂತೆ ಅದು ಚಲನೆಯನ್ನು ಕ್ಷಣದಲ್ಲಿ ಹಿಡಿದು ನಿಲ್ಲಿಸುವುದಿಲ್ಲ.

ಟ್ರೈಪಾಡ್ ಕೊಂಡರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಗೋಡೆಯ ಮೇಲೆ ಸುಮ್ಮನೆ ಕೂತ ಜೇಡಕ್ಕೆ ಸರಿ. ದಾಸವಾಳದ ಎಲೆಯ ಮೇಲಿದ್ದರೆ ಗಾಳಿಗೆ ಎಲೆಯೇ ಅಲ್ಲಾಡುತ್ತದಲ್ಲ! ಟ್ರೈಪಾಡ್ ನಿಲ್ಲಿಸುವಷ್ಟರಲ್ಲಿ ಜೇಡವೂ ಹೊರಟಿರುತ್ತದೆ. ನಮಗೆ ಹೆಚ್ಚು ಇಷ್ಟವಾಗಿರುವುದು ಒಂದು ಸರಳ ಉಪಾಯ. ಎಡಗೈಯಲ್ಲಿ ಎಲೆಯ ತೊಟ್ಟನ್ನು ಮೆಲ್ಲಗೆ ಹಿಡಿಯಿರಿ. ಫೋನ್ ಹಿಡಿದ ಬಲಗೈಯ ಮಣಿಕಟ್ಟನ್ನು ಅದೇ ಎಡಗೈ ಮೇಲೆ ಊರಿ. ಈಗ ಎಲೆಯೂ ಫೋನೂ ಒಟ್ಟಿಗೇ ಅಲುಗುತ್ತವೆ, ಆದ್ದರಿಂದ ಚಿತ್ರದಲ್ಲಿ ಅಲುಗಾಟ ಬಹಳ ಕಡಿಮೆಯಾಗುತ್ತದೆ. ಮೊಣಕೈಗಳು ಮೈಗೆ ಒತ್ತಿಕೊಂಡಿರಲಿ. ಪರದೆ ಒತ್ತಿದರೂ ಫೋನ್ ಅದುರುತ್ತದೆ. ಹಲವು ಫೋನ್‌ಗಳಲ್ಲಿ ವೈರ್ ಇಯರ್‌ಫೋನಿನ ವಾಲ್ಯೂಮ್ ಬಟನ್ನೇ ಶಟರ್ ಆಗುತ್ತದೆ, ಇಲ್ಲವೇ ಟೈಮರ್ ಇದೆ.

ಇನ್ನೊಂದು ತೊಡಕು ಫೋಕಸ್. ಮ್ಯಾಕ್ರೋದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಎಷ್ಟೋ ಸಲ ಒಂದೆರಡು ಮಿಲಿಮೀಟರಿಗಿಂತಲೂ ತೆಳು. ಕಣ್ಣು ಸ್ಪಷ್ಟವಾದರೆ ಹೊಟ್ಟೆ ಮಸುಕು. ಹಾಗಾಗಿ ಅಕ್ಕಪಕ್ಕದ ಅಲುಗಾಟದಷ್ಟೇ ಹಿಂದುಮುಂದಿನ ಅಲುಗಾಟವೂ ಕಾಟ ಕೊಡುತ್ತದೆ. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬರ್ಸ್ಟ್ ಮೋಡಿನಲ್ಲಿ ಸಾಲಾಗಿ ಚಿತ್ರ ತೆಗೆಯುತ್ತಾ ಮೈಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಿ. ಇಪ್ಪತ್ತರಲ್ಲಿ ಒಂದು ಚೆನ್ನಾಗಿ ಬಂದರೂ ಲಾಭವೇ. ಲೆನ್ಸಿಗೆ ಸಿಕ್ಕಿಸುವ ಅಗ್ಗದ ಕ್ಲಿಪ್ ಮಸೂರಕ್ಕೂ ಇದೇ ರೀತಿ ಸಾಕು.

ಜೇಡವನ್ನು ಬೆನ್ನಟ್ಟಬೇಡಿ, ಮುಟ್ಟಲೂಬೇಡಿ. ಜಿಗಿಯುವ ಜೇಡ ಬಹಳ ಕುತೂಹಲಿ. ನೀವು ಸುಮ್ಮನಿದ್ದರೆ ಎಷ್ಟೋ ಸಲ ಅದೇ ತಿರುಗಿ ಲೆನ್ಸನ್ನು ದಿಟ್ಟಿಸುತ್ತದೆ.

ಬಲ್ಲವರಿಗೆ ಕಳಿಸುವಾಗ ಇಡೀ ಎಲೆಯೋ ಗೋಡೆಯೋ ಕಾಣುವ ಇನ್ನೊಂದು ಚಿತ್ರವನ್ನೂ ಜೊತೆಗಿಡಿ, ಗಾತ್ರ ತಿಳಿಯುತ್ತದೆ. ವಾಟ್ಸಾಪ್ ಮಾಮೂಲಿ ಫೋಟೋಗಳನ್ನು ಕುಗ್ಗಿಸುವುದರಿಂದ ಕಷ್ಟಪಟ್ಟು ಹಿಡಿದ ಕಣ್ಣುಗಳು ಮತ್ತೆ ಮಸುಕಾಗುತ್ತವೆ. ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಿದರೆ ಮೂಲ ಚಿತ್ರವೇ ಹೋಗುತ್ತದೆ.